ಹೊಸದೆಂದು ನಂಬುವ ಮುನ್ನ ತಟ್ಟಿ ನೋಡಿ

ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮಜ್ಜಿ ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ತಟ್ಟುತ್ತಿದ್ದರು. ದನಿ ಸರಿಯಿದ್ದರೆ ಕೊಳ್ಳುವುದು, ಇಲ್ಲದಿದ್ದರೆ ಇನ್ನೊಂದು. ಕುಂಬಾರ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಒಂದು ಮಡಕೆಗೇ ಅಷ್ಟು ಪರೀಕ್ಷೆ! ಆದರೆ ₹45,000 ಸುರಿದು ಗೇಮಿಂಗ್ ಕಂಪ್ಯೂಟರ್ ಜೋಡಿಸಿದ ನಾನು ಮಾಡಿದ್ದೇನು? ಕ್ಯಾಬಿನೆಟ್‌ಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ನೇರವಾಗಿ ಗೇಮ್ ಹಾಕಿ ಕೂತೆ.

ಆಗ ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಅದು ಒಂದೂವರೆ ವರ್ಷ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು. ‘ಓದಿಗೂ ಆಗುತ್ತೆ’ ಎಂದು ಅಪ್ಪನನ್ನು ಒಪ್ಪಿಸಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಕೆಲವು ಭಾಗ ತಂದೆ, ಉಳಿದದ್ದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಎಲ್ಲವೂ ಸೀಲ್ ಒಡೆಯದ ಹೊಸ ಮಾಲು.

ಮೊದಲ ವಾರ ಹಬ್ಬ. ಎರಡನೇ ವಾರದಿಂದ ಆಡುತ್ತಿದ್ದ ಗೇಮ್ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳತೊಡಗಿತು. ಗೇಮ್ ಸರಿಯಿಲ್ಲ ಅಂದುಕೊಂಡೆ. ವಿಂಡೋಸ್ ಸರಿಯಿಲ್ಲ ಎಂದು ಮೂರು ಸಲ ಹೊಸದಾಗಿ ಹಾಕಿದೆ. ಕೊನೆಗೆ ಮಿನಿ ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಅದರ ಫೈಲೇ ತೆರೆಯಲಿಲ್ಲ. ಸೀನಿಯರ್ ಒಬ್ಬರು ‘ಮೆಮ್‌ಟೆಸ್ಟ್86 ಓಡಿಸಿ ನೋಡು’ ಎಂದರು. ಹತ್ತು ನಿಮಿಷದಲ್ಲಿ ಪರದೆ ತುಂಬ ಕೆಂಪು ಸಾಲುಗಳು. ಎರಡು ರ‍್ಯಾಮ್‌ಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿತ್ತು. ಬದಲಿಸಿಕೊಡುವ ಹತ್ತು ದಿನದ ಗಡುವು ಮುಗಿದು ಒಂಬತ್ತು ದಿನವಾಗಿತ್ತು. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ನನ್ನ ಪರೀಕ್ಷೆ. ಸರ್ವಿಸ್ ಸೆಂಟರ್‌ಗೆ ಅಲೆದು, ವಾರಂಟಿಯಲ್ಲಿ ಬೇರೆ ರ‍್ಯಾಮ್ ಕೈಸೇರುವಾಗ ಮತ್ತೆ ಮೂರು ವಾರ ಕಳೆದಿತ್ತು.

‘ಹೊಸದು’ ಎಂದರೆ ‘ಸರಿಯಾಗಿರುವುದು’ ಎಂದರ್ಥವಲ್ಲ. ಎಂಜಿನಿಯರಿಂಗ್ ಓದುವವರಿಗೆ ‘ಬಾತ್‌ಟಬ್ ಕರ್ವ್’ ಗೊತ್ತಿರುತ್ತದೆ. ತಯಾರಿಕೆಯಲ್ಲಿ ದೋಷ ಉಳಿದ ಭಾಗಗಳು ಬಳಕೆಯ ಆರಂಭದಲ್ಲೇ ಕೈಕೊಡುತ್ತವೆ. ಆ ದಿನಗಳನ್ನು ದಾಟಿದವು ಬಹುಕಾಲ ಬಾಳುತ್ತವೆ. ಅಂದರೆ ದೋಷ ಕಾಣಿಸಿಕೊಳ್ಳುವ ಕಾಲವೂ ಬದಲಿಸಿಕೊಡುವ ಗಡುವೂ ಹೆಚ್ಚುಕಡಿಮೆ ಒಂದೇ. ಆ ದಿನಗಳನ್ನು ಬರೀ ಆಟದಲ್ಲಿ ಕಳೆದರೆ ನಷ್ಟ ನಮಗೇ.

ಹಾಗಾದರೆ ಏನು ಮಾಡಬೇಕು? ಬಾಕ್ಸ್ ಒಡೆಯುವಾಗಲೇ ಮೊಬೈಲ್‌ನಲ್ಲಿ ವಿಡಿಯೊ ಮಾಡಿ, ಸೀರಿಯಲ್ ನಂಬರ್ ಕಾಣುವಂತಿರಲಿ. ಕ್ಯಾಬಿನೆಟ್‌ಗೆ ಸ್ಕ್ರೂ ಹಾಕುವ ಮೊದಲು ಮದರ್‌ಬೋರ್ಡನ್ನು ಅದರದೇ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಕೂಲರ್, ಒಂದೇ ಒಂದು ರ‍್ಯಾಮ್, ಪವರ್ ಸಪ್ಲೈ ಇಷ್ಟೇ ಜೋಡಿಸಿ ಚಾಲೂ ಮಾಡಿ. ರೈಜೆನ್ 5 5600 ಅಥವಾ ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್ ಆಗಿದ್ದರೆ ಗ್ರಾಫಿಕ್ಸ್ ಕಾರ್ಡೂ ಬೇಕು, ಮಾನಿಟರ್ ಕೇಬಲ್ಲನ್ನು ಆ ಕಾರ್ಡಿಗೇ ಸಿಕ್ಕಿಸಬೇಕು. ಅವುಗಳಲ್ಲಿ ಗ್ರಾಫಿಕ್ಸ್ ಒಳಗೇ ಇರುವುದಿಲ್ಲ. ಇದು ತಿಳಿಯದೆ ಒಳ್ಳೆಯ ಬೋರ್ಡನ್ನೇ ವಾಪಸ್ ಕಳಿಸಿದವರೂ ಇದ್ದಾರೆ.

ವಿಂಡೋಸ್ ಹಾಕುವ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಲಿ. ಅದು ಉಚಿತ, ಒಂದು ಪೆನ್‌ಡ್ರೈವ್ ಸಾಕು. ತಪ್ಪು ಕಂಡರೆ ರ‍್ಯಾಮ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಆಗ ತಪ್ಪು ರ‍್ಯಾಮ್‌ನದೋ ಸ್ಲಾಟ್‌ನದೋ ತಿಳಿಯುತ್ತದೆ. ಮರುದಿನ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಲ್ಲಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ನೋಡಿ. ಹೊಸದೆಂದು ಕೊಂಡದ್ದು ನೂರಾರು ಗಂಟೆ ತೋರಿಸಿದರೆ ಅಂಗಡಿಯವರನ್ನು ಕೇಳಲೇಬೇಕು. ಜಿಪಿಯು-ಝಡ್‌ನಲ್ಲಿ ಗ್ರಾಫಿಕ್ಸ್ ಕಾರ್ಡಿನ ಅಸಲಿ ಗುರುತು ಪರಿಶೀಲಿಸಿ. ಬಳಿಕ ಓಸಿಸಿಟಿಯಂಥ ತಂತ್ರಾಂಶದಿಂದ ಪ್ರೊಸೆಸರ್ ಮತ್ತು ಕಾರ್ಡಿಗೆ ಒಂದು ಗಂಟೆ ಪೂರ್ತಿ ಕೆಲಸ ಕೊಟ್ಟು, ಎದುರಿಗೇ ಕೂತು ಶಾಖ ಗಮನಿಸಿ. ಎಲ್ಲ ಸೇರಿ ಒಂದು ರಾತ್ರಿ, ಒಂದು ಹಗಲು. ಪವರ್ ಸಪ್ಲೈಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

‘ಅಂಗಡಿಯಲ್ಲೇ ಜೋಡಿಸಿ, ಆನ್ ಮಾಡಿ ತೋರಿಸುತ್ತಾರಲ್ಲ’ ಎನ್ನುತ್ತಾರೆ ಗೆಳೆಯರು. ಆನ್ ಆಗುವುದು ಪರೀಕ್ಷೆಯಲ್ಲ. ನನ್ನದೂ ಆನ್ ಆಗಿತ್ತು. ‘ಇಷ್ಟೆಲ್ಲ ಹುಚ್ಚು ದುಡ್ಡಿರುವವರಿಗೆ’ ಎನ್ನುವವರೂ ಇದ್ದಾರೆ. ನಾನು ಇದನ್ನೇ ಒಪ್ಪುವುದಿಲ್ಲ. ದುಡ್ಡಿರುವವರ ಮನೆಯಲ್ಲಿ ಇನ್ನೊಂದು ರ‍್ಯಾಮ್, ಇನ್ನೊಂದು ಲ್ಯಾಪ್‌ಟಾಪ್ ಇರುತ್ತದೆ. ಒಂದು ಭಾಗ ಕೆಟ್ಟರೆ ಅವರಿಗೆ ಕಿರಿಕಿರಿ, ನಮಗೆ ಆನ್‌ಲೈನ್ ಪರೀಕ್ಷೆಯೋ ಸಂದರ್ಶನವೋ ತಪ್ಪಿಹೋಗುತ್ತದೆ. ಕಡಿಮೆ ಬಜೆಟ್ಟಿನವರಿಗೇ ಪರೀಕ್ಷೆ ಹೆಚ್ಚು ಅಗತ್ಯ.

ಕಾಲೇಜುಗಳೂ ಮನಸ್ಸು ಮಾಡಬಹುದು. ಲ್ಯಾಬ್‌ನಲ್ಲಿ ಒಂದು ಒಳ್ಳೆಯ ರ‍್ಯಾಮ್, ಒಂದು ಪವರ್ ಸಪ್ಲೈ ಅದಲುಬದಲು ಮಾಡಿ ನೋಡಲು ಸಿಕ್ಕರೆ ವಿದ್ಯಾರ್ಥಿಯ ಅರ್ಧ ಅಲೆದಾಟ ತಪ್ಪುತ್ತದೆ, ಪಾಠವೂ ಆಗುತ್ತದೆ. ಗಡುವಿನೊಳಗೆ ದೋಷ ತೋರಿಸಿದರೂ ಅಂಗಡಿ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಬಿಲ್ಲು, ವಿಡಿಯೊ, ಪರೀಕ್ಷೆಯ ಫೋಟೊ ಕೈಯಲ್ಲಿದ್ದರೆ ನಮ್ಮ ಮಾತಿಗೆ ತೂಕ.

ಈಚೆಗೆ ತಂಗಿಗೆ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟೆ. ರಾತ್ರಿಯಿಡೀ ಪರೀಕ್ಷೆ ಓಡಿತು, ಬೆಳಿಗ್ಗೆ ನೋಡಿದರೆ ಒಂದೂ ತಪ್ಪಿಲ್ಲ. ಕುಂಕುಮ ಹಚ್ಚಿದ್ದು ಆಮೇಲೆ.