ಪ್ರಶ್ನೆ ಸರಿ ಮಾಡ್ಕೊಂಡು ಕಾಲನಿಗೆ ಬನ್ನಿ

ನರ್ಸಿಂಗ್ ಓದುವ ಮಕ್ಕಳು ಪ್ರಾಜೆಕ್ಟಿಗೆ ಅಂತ ನಮ್ಮ ಕಾಲನಿಗಳಿಗೆ ಬರ್ತಾರೆ. ಬರಲಿ, ಬರಲೇಬೇಕು. ಆದರೆ ಕೈಯಲ್ಲಿರುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ನಮೂನೆ. "ರಕ್ತಹೀನತೆ ಅಂದರೆ ಏನು ಗೊತ್ತುಂಟಾ? ಯಾವ ಸೊಪ್ಪು ತಿನ್ನಬೇಕು?" ಆಮೇಲೆ ಚಾರ್ಟು ತೋರಿಸಿ ಒಂದು ಪಾಠ, ಮತ್ತೆ ಅದೇ ಪ್ರಶ್ನೆ. ಅಂಕ ಜಾಸ್ತಿ ಬಂತು, ಅಧ್ಯಯನ ಯಶಸ್ವಿ!

ನನ್ನ ತಕರಾರು ಇಷ್ಟೇ. ಜನರಿಗೆ ಎಷ್ಟು ಗೊತ್ತಿಲ್ಲ ಅಂತ ಮಾತ್ರ ಅಳೆದರೆ ತೀರ್ಪು ಮೊದಲೇ ಬರೆದ ಹಾಗೆ: ತಪ್ಪು ಕಾಲನಿಯವರದ್ದು. ಕಬ್ಬಿಣದ ಮಾತ್ರೆ ಸಮಯಕ್ಕೆ ಸಿಕ್ಕಿತಾ? ನುಂಗಿ ಹೊಟ್ಟೆ ತೊಳಸಿದಾಗ ವಿಚಾರಿಸಲು ಯಾರಾದರೂ ಬಂದರಾ? ಇದನ್ನು ಕೇಳುವವರು ಯಾರು?

ದಾರಿ ನಿಮ್ಮ ಪಠ್ಯದಲ್ಲೇ ಉಂಟು. ಪಿಕೊ ಅಂತ ಕಲಿಸ್ತಾರಲ್ಲ? ಯಾರಿಗೆ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಏನು ಫಲ. ಈ ನಾಲ್ಕನ್ನು ಇಟ್ಟು ಕೇಳಿ ನೋಡಿ: "ರಕ್ತಹೀನತೆ ಇರುವ ಗರ್ಭಿಣಿಯರಿಗೆ ಬರೇ ಮಾತ್ರೆ ಕೊಟ್ಟು ಕಳಿಸುವುದಕ್ಕಿಂತ, ಮಾತ್ರೆಯ ಜೊತೆ ಸಿಸ್ಟರ್ ವಾರಕ್ಕೊಮ್ಮೆ ಮನೆಗೆ ಹೋಗಿ ವಿಚಾರಿಸಿದರೆ, ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ ಹೆಚ್ಚು ಏರ್ತದಾ?" ಈಗ ಪರೀಕ್ಷೆ ನಮ್ಮ ಹೆಂಗಸರಿಗಲ್ಲ, ಅವರಿಗೆ ಸಿಗುವ ಸೇವೆಗೆ.

ಸರಿಯಾದ ಹೋಲಿಕೆಗೆ ಎಷ್ಟು ಬಲ ಉಂಟು ಅಂತ ತಿಳಿಯಲು ದೂರ ಹೋಗಬೇಡಿ. ಗಡಿಯಾಚೆ ಕಾಸರಗೋಡಿನ ಪಡ್ರೆಯಲ್ಲಿ ಗೇರು ತೋಟದ ಮೇಲೆ 20 ವರ್ಷಕ್ಕೂ ಮಿಕ್ಕಿ ಆಕಾಶದಿಂದ ಎಂಡೋಸಲ್ಫಾನ್ ಸುರಿದರು. ಒಂದೇ ಜಾಗದಲ್ಲಿ ಇಷ್ಟು ಕಾಯಿಲೆ ಯಾಕೆ ಅಂತ ಕೇಳಿದ್ದು ವಾಣಿನಗರದ ಡಾಕ್ಟರ್ ವೈ.ಎಸ್. ಮೋಹನ ಕುಮಾರ್, ಅಲ್ಲಿನ ಜನರನ್ನು ದಿನಾ ನೋಡುತ್ತಿದ್ದವರು. ಮುಂದೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಆ ಊರಿನ 117 ಹುಡುಗರನ್ನು, ಸಿಂಪಡಣೆಯೇ ಇಲ್ಲದ ಕಡೆಯ 90 ಹುಡುಗರ ಜೊತೆ ಹೋಲಿಸಿದರು. ಇಲ್ಲಿನವರು ಪ್ರಾಯಕ್ಕೆ ಬರುವುದು ತಡವಾಗ್ತಾ ಉಂಟು ಅಂತ ಕಂಡಿತು. 2003ರಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನ್ ತಡೆಯಿತು. "ಕೀಟನಾಶಕದ ಬಗ್ಗೆ ನಿಮಗೆಷ್ಟು ಗೊತ್ತು" ಅಂತ ತಾಯಂದಿರಿಗೆ ಅಂಕ ಕೊಟ್ಟು ಕೂತಿದ್ದರೆ ಏನು ಸಿಗ್ತಿತ್ತು ಹೇಳಿ?

ಹಾಗಾಗಿ ಮಕ್ಕಳೇ, ಪ್ರಶ್ನಾವಳಿ ಪ್ರಿಂಟ್ ಹಾಕಿಸುವ ಮೊದಲು ಒಂದು ದಿನ ಬನ್ನಿ. ಆಶಾ ಅಕ್ಕಂದಿರ ಹತ್ತಿರ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಅಮ್ಮಂದಿರ ಹತ್ತಿರ ಕೂತು ಕೇಳಿ, ಏನನ್ನು ಹುಡುಕಬೇಕು ಅಂತ. ಉತ್ತರ ಸಿಕ್ಕಿದ ಮೇಲೆ ನಮಗೂ ತಂದು ಹೇಳಿ. ನಾವು ನಿಮ್ಮ ಸ್ಯಾಂಪಲ್ ಮಾತ್ರ ಅಲ್ಲ, ಪ್ರಶ್ನೆ ಕೇಳುವ ಹಕ್ಕು ಇರುವವರು.

ಜೈ ಭೀಮ್.