ಹಸಿರು ಬಣ್ಣದ ಅನರ್ಥದಂಡ

ಮನೆಯ ಹಿಂದಿನ ಇಳಿಜಾರನ್ನು ಕಡಿದು ಸಮತಟ್ಟು ಮಾಡಿ, ಅದರ ಮೇಲೆ ಪ್ಲಾಸ್ಟಿಕ್ ಹುಲ್ಲನ್ನು ಹಾಸಿ, ಸುತ್ತ ಬಲೆ ಕಟ್ಟಿ ಆಟದ ಅಂಗಣ ಮಾಡಿಸುವ ರೂಢಿ ಬೆಂಗಳೂರಿನಿಂದ ಮಲೆನಾಡು, ಕರಾವಳಿಗಳವರೆಗೂ ಹಬ್ಬಿದೆ. ಜೈನ ಸಮಾಜದ ಉಳ್ಳವರ ಮನೆಗಳೂ ಇದಕ್ಕೆ ಹೊರತಲ್ಲ. ಹಣವುಳ್ಳವರು ಮಕ್ಕಳ ಆಟಕ್ಕೆ ವೆಚ್ಚ ಮಾಡಿದರೆ ಅದು ಅವರವರ ವಿಚಾರವೆಂದು ಬಿಡಬಹುದಿತ್ತು. ಆದರೆ ಈ ಅಂಗಣವನ್ನು ಅಹಿಂಸೆಯ ಹೆಸರಿನಲ್ಲಿ ಸಮರ್ಥಿಸತೊಡಗಿರುವುದು ಸುಮ್ಮನೆ ಬಿಡತಕ್ಕ ಸಂಗತಿಯಲ್ಲ.

ಸಮರ್ಥನೆಯ ಸರಣಿ ಹೀಗಿದೆ: ನಿಜವಾದ ಹುಲ್ಲಿಗೆ ನೀರುಣಿಸಬೇಕು, ಅದನ್ನು ಕತ್ತರಿಸಬೇಕು, ಕೀಟನಾಶಕ ಸಿಂಪಡಿಸಬೇಕು, ಅಲ್ಲಿ ಓಡಾಡಿದರೆ ಇರುವೆ, ಹುಳುಗಳು ಸಾಯುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಜೀವವಿಲ್ಲ, ಆದ್ದರಿಂದ ಹಿಂಸೆಯೂ ಇಲ್ಲ. ಕೇಳಲು ಸೊಗಸಾದ ಮಾತು. ಆದರೆ ತೂಕಕ್ಕೆ ಹಿಡಿದ ಬಟ್ಟೇ ತಪ್ಪು. ಹಿತ್ತಲಿನಲ್ಲಿ ಮೊದಲು ಇದ್ದದ್ದು ಕೀಟನಾಶಕ ಬೇಡುವ ಹುಲ್ಲುಹಾಸಲ್ಲ. ಯಾರ ಆರೈಕೆಯನ್ನೂ ಕೇಳದ ಇಳಿಜಾರು. ಹೋಲಿಸಬೇಕಾದದ್ದು ಅದರೊಡನೆ.

ಲೆಕ್ಕ ಬಲ್ಲ ಸಮಾಜಕ್ಕೆ ಲೆಕ್ಕದಲ್ಲಿಯೇ ಹೇಳುವುದು ಲೇಸು. ಆರು ಅಡಿಗೆ ಒಂದು ಅಡಿ ಇಳಿಯುವ ಸಾಧಾರಣ ಇಳಿಜಾರಿನಲ್ಲಿ 60 ಅಡಿ ಉದ್ದ, 30 ಅಡಿ ಅಗಲದ ಚಿಕ್ಕ ಅಂಗಣ ಬೇಕೆನ್ನೋಣ. ಅಗಲವನ್ನು ಇಳಿಜಾರಿನ ದಿಕ್ಕಿಗೆ ಇಟ್ಟರೆ ಮೇಲಂಚಿಗೂ ಕೆಳಗಿನ ಅಂಚಿಗೂ 5 ಅಡಿ ಅಂತರ. ಮೇಲಿನ ಅರ್ಧವನ್ನು ಕಡಿದು ಕೆಳಗಿನ ಅರ್ಧಕ್ಕೆ ತುಂಬಿದರೂ ಅಗೆಯಬೇಕಾದ ಮಣ್ಣು 1,125 ಘನ ಅಡಿ. ತೂಕದಲ್ಲಿ ಸುಮಾರು 50 ಟನ್. ತುಂಬಿದ ಮಣ್ಣನ್ನು ರೋಲರಿನಿಂದ ಅದುಮಬೇಕು, ಎರಡೂ ಅಂಚಿಗೆ ತಡೆಗೋಡೆ ಕಟ್ಟಬೇಕು, ಜಲ್ಲಿ ಹಾಸಿ ಅದರ ಮೇಲೆ ಪ್ಲಾಸ್ಟಿಕ್ ಹಾಸಿ ಮರಳನ್ನೋ ರಬ್ಬರಿನ ಹರಳನ್ನೋ ಸುರಿಯಬೇಕು. ಎರೆಹುಳು, ಗೆದ್ದಲು, ಇರುವೆ, ಕಪ್ಪೆ ಇವೆಲ್ಲ ತ್ರಸಜೀವಿಗಳು. ಬರಿಗಾಲಿಗೆ ಸಿಕ್ಕಿ ಸಾಯಬಹುದಾದ ನಾಲ್ಕು ಇರುವೆಗಳಿಗಾಗಿ ಮರುಗುವವರು ಜೆ.ಸಿ.ಬಿ.ಯ ಹಲ್ಲಿಗೆ ಸಿಕ್ಕ ಇರುವೆಗೂಡನ್ನು ಯಾವ ಖಾತೆಗೆ ಬರೆಯುತ್ತಾರೆ?

ಆರಂಭೀ ಹಿಂಸೆಯ ಖಾತೆಗೆ, ಎಂಬ ಉತ್ತರ ಸಿದ್ಧವಾಗಿದೆ. ಮನೆ ಕಟ್ಟುವಾಗ, ಅಡಿಗೆ ಮಾಡುವಾಗ ಆಗುವ ಹಿಂಸೆ ಗೃಹಸ್ಥನಿಗೆ ಅನಿವಾರ್ಯವೆಂದು ಶಾಸ್ತ್ರ ಒಪ್ಪಿದೆಯಲ್ಲವೇ? ಒಪ್ಪಿದೆ. ಆದರೆ ಒಪ್ಪಿರುವುದು ಬಾಳಿಗೆ ಬೇಕಾದಷ್ಟನ್ನು. ಬೇಕಿಲ್ಲದ್ದಕ್ಕೆ ಬೇರೆಯೇ ಹೆಸರಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ: ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡಮರ ಕಡಿಯುವುದು. ಇಳಿಜಾರಿನ ಅಂಗಣಕ್ಕೆ ಇದಕ್ಕಿಂತ ನೇರವಾದ ವರ್ಣನೆ ಬೇಕೆ? ಮಕ್ಕಳ ಆಟ ಪ್ರಯೋಜನವಲ್ಲವೇ ಎಂದರೆ, ಆಟ ಖಂಡಿತ ಪ್ರಯೋಜನವೇ. ಕಬಡ್ಡಿ, ಖೋ ಖೋ ಆಡಲು ಶಾಲೆಯ ಬಯಲಿದೆ, ಷಟಲ್ ಆಡಲು ಮನೆಯ ಮುಂದಿನ ಅಂಗಳ ಸಾಲದೆ? ಆಡುವುದಕ್ಕೆ ಅಡ್ಡಿಯಿಲ್ಲ. ಗುಡ್ಡ ಕಡಿಯದೆ ಆಟವಿಲ್ಲ ಎಂಬುದಕ್ಕೆ ಆಧಾರವಿಲ್ಲ, ಅಷ್ಟೆ.

ಇನ್ನು ಹಾಸಿದ ವಸ್ತುವಿನ ಗುಣ. ಈ ಹುಲ್ಲು ಹುಟ್ಟಿದ್ದೂ, ಹೆಸರಾದದ್ದೂ ಸೂರ್ಯನಿಲ್ಲದ ಕಡೆ. ಅಮೆರಿಕದ ಹ್ಯೂಸ್ಟನ್ ನಗರದ ಚಾವಣಿಯುಳ್ಳ ಕ್ರೀಡಾಂಗಣದಲ್ಲಿ ಒಳಗಿನ ನಿಜವಾದ ಹುಲ್ಲು ಬಿಸಿಲಿಲ್ಲದೆ ಸತ್ತಾಗ 1966ರಲ್ಲಿ ಬದಲಿಗೆ ಹಾಸಿದ್ದು ಇದನ್ನು. ‘ಆಸ್ಟ್ರೋಟರ್ಫ್’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಅದನ್ನು ತಂದು ವರ್ಷದ ಎಂಟು ತಿಂಗಳು ಬಿಸಿಲು ಸುರಿಯುವ ನಾಡಿನಲ್ಲಿ ಬಯಲಿಗೆ ಹಾಸಲಾಗುತ್ತಿದೆ. ಉರಿಬಿಸಿಲಿನಲ್ಲಿ ಅದರ ಮೈ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಿಜವಾದ ಹುಲ್ಲು ತನ್ನೊಳಗಿನ ನೀರನ್ನು ಆವಿಯಾಗಿಸಿ ತಂಪಾಗಿರುತ್ತದೆ. ಪ್ಲಾಸ್ಟಿಕ್ಕಿಗೆ ಆ ಉಪಾಯವಿಲ್ಲ. ನೀರು ಉಳಿಯುತ್ತದೆಂದು ಹಾಸಿಸಿದವರೇ ಅದನ್ನು ತಣಿಸಲು ಕೊಳವೆ ಹಿಡಿಯಬೇಕಾಗುತ್ತದೆ.

ಹಗಲು ಸುಡುವುದರಿಂದ ಆಟ ರಾತ್ರಿಗೆ ಸರಿಯುತ್ತದೆ, ರಾತ್ರಿಯ ಆಟಕ್ಕೆ ಕಂಬಗಳ ಮೇಲೆ ಪ್ರಖರ ದೀಪಗಳು ಬರುತ್ತವೆ. ಶ್ರಾವಕರು ಯೋಚಿಸಬೇಕಾದ ಸ್ಥಳ ಇದು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ನಿಯಮವೇಕೆ? ದೀಪದ ಬೆಳಕಿಗೆ ಬರುವ ಪತಂಗ ಕೀಟಗಳು ಬೆಂಕಿಗೆ, ಅನ್ನಕ್ಕೆ ಬಿದ್ದು ಸಾಯುತ್ತವೆಂದು. ಅದೇ ಮನೆಯ ಹಿತ್ತಲಿನಲ್ಲಿ ರಾತ್ರಿ ಹತ್ತರವರೆಗೆ ದೀಪ ಉರಿಸಿ, ಬೆಳಿಗ್ಗೆ ಹಸಿರು ಪ್ಲಾಸ್ಟಿಕ್ಕಿನ ಮೇಲಿನ ರೆಕ್ಕೆಗಳನ್ನು ಪೊರಕೆಯಿಂದ ಗುಡಿಸಿ ಹಾಕುವ ದೃಶ್ಯಕ್ಕೆ ಅಹಿಂಸೆಯ ಹೆಸರೇ? ಊಟದ ತಟ್ಟೆಗೆ ಕೊಟ್ಟ ನಿಯಮವನ್ನು ಕ್ರಿಕೆಟ್ಟಿನ ಚೆಂಡಿಗೆ ಕೊಡಲಾರದ ಮನೆ ರಾತ್ರಿಭೋಜನ ತ್ಯಾಗದ ಪದ್ಧತಿಯನ್ನು ಉಳಿಸಿಕೊಂಡಿದೆ. ಅದರ ಕಾರಣವನ್ನು ಮರೆತಿದೆ.

ಮನುಷ್ಯರ ಮಾತೂ ಇದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ರಸ್ತೆ ಮತ್ತು ಕಟ್ಟಡಗಳಿಗಾಗಿ ಇಳಿಜಾರುಗಳನ್ನು ಲಂಬವಾಗಿ ಕಡಿದದ್ದು ಒಂದು ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಹೇಳಿತು. ಆಗ ಬಿದ್ದದ್ದು ಇದಕ್ಕಿಂತ ಬಹಳ ದೊಡ್ಡ ಗುಡ್ಡಗಳು, ನಿಜ. ಆದರೆ ಮಣ್ಣಿನ ಧರ್ಮ ಹಿತ್ತಲಿನಲ್ಲಿ ಬೇರೆಯಾಗುವುದಿಲ್ಲ. ತುಂಬಿದ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಭಾರವಾಗುತ್ತದೆ. ಗೋಡೆಯಲ್ಲಿ ನೀರು ಹೊರಹೋಗುವ ತೂತುಗಳಿಲ್ಲದಿದ್ದರೆ ಗೋಡೆಯನ್ನೇ ತಳ್ಳುತ್ತದೆ. ಬೀಳುವುದು ಕಟ್ಟಿಸಿದವರ ಮೇಲಲ್ಲ, ಕೆಳಗಿನ ಮನೆಯವರ ಮೇಲೆ. ಮುನಿಗಳು ಚಾತುರ್ಮಾಸದಲ್ಲಿ ಜೀವಹಿಂಸೆಗೆ ಅಂಜಿ ಒಂದೆಡೆ ನಿಲ್ಲುವ ನಾಲ್ಕು ತಿಂಗಳು, ಆ ಕೆಳಮನೆಯವರು ಗೋಡೆಯನ್ನು ನೋಡುತ್ತ ನಿದ್ದೆಗೆಡುತ್ತಾರೆ.

ಹಾಸಿದ ಪ್ಲಾಸ್ಟಿಕ್ಕಿನ ಬಾಳಿಕೆ ಸಾಮಾನ್ಯವಾಗಿ ಎಂಟು ಹತ್ತು ವರ್ಷ. ಸವಕಳಿ ಕಳೆದ ಮೇಲೆ ಉಳಿಯುವ ಮೌಲ್ಯ ಸೊನ್ನೆಯಲ್ಲ, ಸೊನ್ನೆಗಿಂತ ಕೆಳಗೆ. ಏಕೆಂದರೆ ಸುತ್ತಿ ಎಸೆಯಲೂ ಹಣ ಕೊಡಬೇಕು, ಕರಗಿಸಿ ಮತ್ತೆ ಬಳಸುವುದು ಕಷ್ಟ. ಅಷ್ಟರಲ್ಲಿ ಅದರ ಎಳೆಗಳೂ ರಬ್ಬರಿನ ಹರಳುಗಳೂ ಮಳೆನೀರಿನೊಡನೆ ಚರಂಡಿಗೆ, ಕೆರೆಗೆ ಸೇರಿರುತ್ತವೆ. ಐರೋಪ್ಯ ಒಕ್ಕೂಟ 2023ರಲ್ಲಿ ಇಂತಹ ಪ್ಲಾಸ್ಟಿಕ್, ರಬ್ಬರಿನ ಹರಳುಗಳ ಮಾರಾಟವನ್ನು ಎಂಟು ವರ್ಷಗಳ ಕಾಲಾವಕಾಶ ಕೊಟ್ಟು ನಿಷೇಧಿಸಿದೆ. ಅಣುವ್ರತದ ಹೆಸರನ್ನೂ ಕೇಳದವರು ನಿಲ್ಲಿಸಲು ಹೊರಟ ಸರಕನ್ನು ಅಣುವ್ರತಿಗಳು ಹೊಸದಾಗಿ ಕೊಳ್ಳುತ್ತಿದ್ದಾರೆ.

ಈಗಾಗಲೇ ಕಟ್ಟಿಸಿದವರು ಅಂಗಣವನ್ನು ಕಿತ್ತುಹಾಕಬೇಕೆಂದಲ್ಲ; ಕೀಳುವುದೂ ಮತ್ತೊಂದು ಅಗೆತ. ಸಂಜೆಯ ಊಟದ ಹೊತ್ತಿಗೆ ಆಟವೂ ಮುಗಿಯಲಿ, ಹಕ್ಕಿ ಬಾವಲಿಗಳು ಸಿಕ್ಕಿಕೊಳ್ಳುವ ಬಲೆಯನ್ನು ಆಟವಿಲ್ಲದಾಗ ಸುತ್ತಿಡಲಿ, ಗೋಡೆಯ ತೂತುಗಳನ್ನು ಮಳೆಗೆ ಮುಂಚೆ ಬಿಡಿಸಲಿ, ಹಾಸು ಸವೆದ ಮೇಲೆ ಹೊಸದನ್ನು ತರಿಸದೆ ಮಣ್ಣಿನಲ್ಲಿಯೇ ಆಡಲಿ. ಇನ್ನೂ ಕಟ್ಟಿಸದವರು ಗುತ್ತಿಗೆದಾರನಿಗೆ ಮುಂಗಡ ಕೊಡುವ ಮುನ್ನ ಮಳೆ ಬಿದ್ದ ಒಂದು ಬೆಳಿಗ್ಗೆ ಹಿತ್ತಲಿನ ಇಳಿಜಾರಿನಲ್ಲಿ ಒಂದು ಹಿಡಿ ಮಣ್ಣನ್ನು ಮೆಲ್ಲಗೆ ಎತ್ತಿ ನೋಡಲಿ, ಅದರಲ್ಲಿರುವ ಜೀವಗಳನ್ನು ಎಣಿಸಲಿ, ಅದನ್ನು 50 ಟನ್ನಿಗೆ ಗುಣಿಸಲಿ.