ಕಲ್ಯಾಣದ ನೆಲದಲ್ಲಿ ರಾಮಾಯಣ-ಭಾರತಗಳು

ಶರಣರ ನಾಡಾದ ಕಲ್ಯಾಣ ಸೀಮೆಗೆ ವ್ಯಾಸ-ವಾಲ್ಮೀಕಿಗಳ ಗೊಡವೆಯೇಕೆ ಎಂದು ಕೆಲವರು ಕೇಳುತ್ತಾರೆ. ದೇವಭಾಷೆಯ ಇತಿಹಾಸಗಳನ್ನು ಆಡುನುಡಿಗೆ ಇಳಿಸಿದರೆ ಅವುಗಳ ಗೌರವವು ಉಳಿದೀತೆ ಎಂದು ಮತ್ತೆ ಕೆಲವರು ಶಂಕಿಸುತ್ತಾರೆ. ಮೇಲುನೋಟಕ್ಕೆ ಈ ಎರಡು ಮಾತುಗಳೂ ಪರಸ್ಪರ ವಿರುದ್ಧವಾಗಿವೆ. ಆದರೆ ಎರಡರ ಬೇರೂ ಒಂದೇ. ರಾಮಾಯಣ-ಮಹಾಭಾರತಗಳು ಸಂಸ್ಕೃತ ಬಲ್ಲ ಕೆಲವರ ಸೊತ್ತು ಎಂಬ ಭ್ರಾಂತಿಯೇ ಆ ಬೇರು. ಅದನ್ನು ಕಿತ್ತೊಗೆಯದೆ ನಮ್ಮ ಮಕ್ಕಳ ಕೈಗೆ ಈ ಗ್ರಂಥಗಳು ಬಾರವು.

ಹಿಂದೂ ಪರಂಪರೆಯಲ್ಲಿ ಇವುಗಳ ಸ್ಥಾನವಾದರೂ ಏನು? ವೇದಾಧ್ಯಯನಕ್ಕೆ ಅಧಿಕಾರದ ಕಟ್ಟುಕಟ್ಟಳೆಗಳಿದ್ದವು. ಸ್ತ್ರೀಯರಿಗೂ ಶೂದ್ರರಿಗೂ ಆ ಬಾಗಿಲು ಮುಚ್ಚಿತ್ತು. ಇತಿಹಾಸದ ಬಾಗಿಲಾದರೋ ತೆರೆದೇ ಇತ್ತು. ವೇದವನ್ನು ಕೇಳಲಾಗದವರ ಮೇಲಿನ ಕರುಣೆಯಿಂದಲೇ ವ್ಯಾಸರು ಭಾರತವನ್ನು ರಚಿಸಿದರೆಂದು ಭಾಗವತವೇ ಹೇಳುತ್ತದೆ. ಭಾರತಕ್ಕೆ ಪಂಚಮವೇದವೆಂಬ ಹೆಸರು ಬಂದುದನ್ನು ಈ ಬೆಳಕಿನಲ್ಲಿ ನೋಡಬೇಕು. ಏಳು ಕಾಂಡಗಳ, 24,000 ಶ್ಲೋಕಗಳ ರಾಮಾಯಣವನ್ನು ಮೊದಲು ಜನರ ಮುಂದೆ ಹಾಡಿದವರು ಕುಶ-ಲವರೆಂಬ ಇಬ್ಬರು ಬಾಲಕರು. ಹದಿನೆಂಟು ಪರ್ವಗಳ, ಲಕ್ಷ ಶ್ಲೋಕಗಳೆಂದು ಖ್ಯಾತವಾದ ಭಾರತವನ್ನು ನೈಮಿಷಾರಣ್ಯದ ಋಷಿಗಳಿಗೆ ಹೇಳಿದವನು ಸೂತಪುತ್ರನಾದ ಉಗ್ರಶ್ರವನು. ಹಾಡುವುದು, ಹೇಳುವುದು, ಕೇಳುವುದು – ಇವೇ ಈ ಗ್ರಂಥಗಳ ಪ್ರಾಣ. ಹೀಗಿರುವಾಗ ಕೇಳುವವನಿಗೆ ತಿಳಿಯುವ ನುಡಿಯಲ್ಲಿ ಹೇಳುವುದರಿಂದ ಗೌರವವು ಕುಂದುವುದೆ? ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪಂಡಿತರು 1919ರಿಂದ 1966ರವರೆಗೆ ಭಾರತದ ಪರಿಶೋಧಿತ ಆವೃತ್ತಿಗಾಗಿ ಶ್ರಮಿಸಿದರು. ನಾನಾ ಲಿಪಿಗಳ ಹಸ್ತಪ್ರತಿಗಳನ್ನು ಕೂಡಿಸಿ ನೋಡಿದಾಗ ಅವರಿಗೆ ಕಂಡುದೇನು? ಸಂಸ್ಕೃತದಲ್ಲಿಯೂ ಔತ್ತರೇಯ ಪಾಠ ಬೇರೆ, ದಾಕ್ಷಿಣಾತ್ಯ ಪಾಠ ಬೇರೆ. ಪ್ರತಿಯೊಂದು ಸೀಮೆಯೂ ಭಾರತವನ್ನು ತನ್ನದಾಗಿ ಮಾಡಿಕೊಂಡೇ ಉಳಿಸಿತು.

ಕನ್ನಡ ನಾಡು ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಶಕವರ್ಷದ ಜೊತೆಗೆ ಭಾರತಯುದ್ಧದಿಂದಲೂ ಕಾಲವನ್ನೆಣಿಸಿದ್ದಾನೆ. ಆ ಯುದ್ಧವು ಮುಗಿದು 3,735 ವರ್ಷಗಳಾದವೆಂದು ಅವನ ಲೆಕ್ಕ. ಆ ಎಣಿಕೆಯು ಚರಿತ್ರೆಗೆ ಒಪ್ಪಿತವೋ ಅಲ್ಲವೋ ಎಂಬುದು ಬೇರೆ ಮಾತು. ನಮ್ಮ ಹಿರಿಯರು ಭಾರತವನ್ನು ತಮ್ಮದೇ ಪೂರ್ವಕಥೆಯೆಂದು ಎಣಿಸಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ರವಿಕೀರ್ತಿಯು ಜೈನನು. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನೂ, ಗದಾಯುದ್ಧವನ್ನು ಬರೆದ ಮುಧೋಳದ ರನ್ನನೂ, ರಾಮಕಥೆಯನ್ನು ಜೈನಸಂಪ್ರದಾಯದಂತೆ ಹೇಳಿದ ನಾಗಚಂದ್ರನೂ ಜೈನರೇ. ಒಂದು ಮತದ ಬೇಲಿಯೊಳಗೆ ಈ ಕಥೆಗಳನ್ನು ಕೂಡಿಹಾಕುವುದು ಕನ್ನಡದ ರೂಢಿಯಲ್ಲ.

ಇನ್ನು ನಮ್ಮ ಸೀಮೆಯ ಮಾತು. ಹುಮನಾಬಾದದ ಬಳಿಯ ಜಲಸಂಗಿಯ ಗುಡಿಯಲ್ಲಿ ಒಬ್ಬ ಶಿಲಾಬಾಲಿಕೆಯು ಶಾಸನವನ್ನು ಬರೆಯುತ್ತ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು ಆರನೆಯ ವಿಕ್ರಮಾದಿತ್ಯನನ್ನು ಕೊಂಡಾಡುವ ಸಂಸ್ಕೃತ ಶ್ಲೋಕ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆ ಚಾಲುಕ್ಯ ಚಕ್ರವರ್ತಿಯ ಆಸ್ಥಾನಕ್ಕೆ ದೂರದ ಕಾಶ್ಮೀರದಿಂದ ಬಂದು ವಿದ್ಯಾಪತಿಯಾದವನು ಬಿಲ್ಹಣ. ಅವನ ಹದಿನೆಂಟು ಸರ್ಗಗಳ ವಿಕ್ರಮಾಂಕದೇವಚರಿತವು ಹುಟ್ಟಿದುದು ಈ ನೆಲದ ಅರಸನಿಗಾಗಿ. ರಾಜರು ಕವಿಗಳನ್ನು ಕೆರಳಿಸಬಾರದೆಂದು ಅದರ ಆರಂಭದಲ್ಲಿಯೇ ಎಚ್ಚರಿಸುವ ಆ ಕವಿಯು, ರಾಮನ ಕೀರ್ತಿಯೂ ರಾವಣನ ಅಪಕೀರ್ತಿಯೂ ಆದಿಕವಿಯ ಪ್ರಭಾವವೆಂದು ನಿದರ್ಶನ ಕೊಡುತ್ತಾನೆ. ಅರಮನೆಯು ಅಳಿಯುತ್ತದೆ, ಹೇಳುವವನಿದ್ದರೆ ಕಥೆಯು ಉಳಿಯುತ್ತದೆ ಎಂಬುದೇ ಇದರ ತಾತ್ಪರ್ಯ. ಆದರೆ ಬಿಲ್ಹಣನ ಕಾವ್ಯಕ್ಕೇ ಆದ ಗತಿಯನ್ನು ನೋಡಿರಿ. 1874ರಲ್ಲಿ ಬ್ಯೂಲರ್ ಪಂಡಿತನಿಗೆ ಅದರ ಹಸ್ತಪ್ರತಿಯು ದೊರೆತುದು ರಾಜಪುತಾನದ ಜೈಸಲಮೇರಿನ ಜೈನ ಭಂಡಾರದಲ್ಲಿ! ಪಂಡಿತರ ಕಪಾಟಿನಲ್ಲಿ ಮಾತ್ರ ಬದುಕಿದ ಕಾವ್ಯವನ್ನು ಅದು ಹುಟ್ಟಿದ ಊರಿನ ಜನರೇ ಮರೆಯುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

ಅದೇ ಕಲ್ಯಾಣದಲ್ಲಿ, ವಿಕ್ರಮಾದಿತ್ಯನು ತೀರಿದ ಕೆಲವೇ ದಶಕಗಳಲ್ಲಿ, ಶರಣರು ಅನುಭಾವವನ್ನು ತಿಳಿಗನ್ನಡದಲ್ಲಿ ನುಡಿದರು. ವೇದ-ಶಾಸ್ತ್ರ-ಪುರಾಣಗಳನ್ನು ಅವರು ಒರೆಗೆ ಹಚ್ಚಿದರೆಂಬುದು ನಿಜ. ಅದನ್ನು ಮರೆಮಾಚುವುದು ಅಪ್ರಾಮಾಣಿಕತನ. ಆದರೆ ಮುಂದೆ ನಡೆದುದೇನು? ಶರಣಪಂಥದವನೇ ಆದ ಹಂಪೆಯ ರಾಘವಾಂಕನು ಪುರಾಣಪ್ರಸಿದ್ಧನಾದ ಹರಿಶ್ಚಂದ್ರನ ಕಥೆಯನ್ನು ಕೈಗೆತ್ತಿಕೊಂಡು, ಷಟ್ಪದಿಯನ್ನು ದೊಡ್ಡ ಕಾವ್ಯಗಳ ವಾಹನವನ್ನಾಗಿ ಮಾಡಿದನು. ಅವನು ಹಾಕಿದ ಹಾದಿಯಲ್ಲಿಯೇ ಗದುಗಿನ ಕುಮಾರವ್ಯಾಸನು ಭಾಮಿನಿ ಷಟ್ಪದಿಯಲ್ಲಿ ಭಾರತದ ಮೊದಲ ಹತ್ತು ಪರ್ವಗಳನ್ನು ಹಾಡಿದನು. ತೊರವೆಯ ಕುಮಾರವಾಲ್ಮೀಕಿಯು ರಾಮಾಯಣವನ್ನು ಹಾಡಿದನು. ಅದೇ ಭಾಮಿನಿಯಲ್ಲಿ ಚಾಮರಸನು ಅಲ್ಲಮಪ್ರಭುವಿನ ಚರಿತ್ರೆಯಾದ ಪ್ರಭುಲಿಂಗಲೀಲೆಯನ್ನು ರಚಿಸಿದನು. ಶರಣಕವಿಯು ಹದಗೊಳಿಸಿದ ಛಂದಸ್ಸಿನಲ್ಲಿ ವ್ಯಾಸಭಾರತ; ವ್ಯಾಸಭಾರತದ ಛಂದಸ್ಸಿನಲ್ಲಿ ಶರಣಚರಿತ್ರೆ! ಇವುಗಳ ನಡುವೆ ಗೋಡೆ ಕಟ್ಟುವವರು ಕನ್ನಡದ ಚರಿತ್ರೆಯನ್ನೇ ಅರಿಯರೆಂದು ನಾವು ಧೈರ್ಯವಾಗಿ ಹೇಳುವೆವು.

ಇನ್ನೊಂದು ಆಕ್ಷೇಪವುಂಟು, ಅದು ಗಂಭೀರವಾದುದು. ಏಕಲವ್ಯನ ಹೆಬ್ಬೆರಳನ್ನು ಕೇಳಿದ, ಶಂಬೂಕನ ತಲೆಯನ್ನು ಕಡಿದ ಕಥೆಗಳನ್ನು ಮಕ್ಕಳಿಗೆ ಏಕೆ ಹೇಳಬೇಕು ಎಂಬುದು. ನಮ್ಮ ಉತ್ತರವಿಷ್ಟೇ: ಹೇಳಬೇಕು, ಮುಚ್ಚಿಡದೆ ಹೇಳಬೇಕು. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕೊಡ್ಡುವ ಅಧಿಕಾರವೆಲ್ಲಿಯದು ಎಂದು ದ್ರೌಪದಿಯು ತುಂಬಿದ ಸಭೆಯಲ್ಲಿ ಕೇಳಿದಳು. ಧರ್ಮಜ್ಞನಾದ ಭೀಷ್ಮನೂ ಅದಕ್ಕೆ ನಿಶ್ಚಿತವಾದ ಉತ್ತರವನ್ನು ಕೊಡಲಾರದೆ ಹೋದನು. ಆ ಪ್ರಶ್ನೆಯನ್ನು ಅಳಿಸಿಹಾಕದೆ ಸಾವಿರಾರು ವರ್ಷ ಕಾಪಾಡಿದ ಗ್ರಂಥವು ಪ್ರಶ್ನೆಗೆ ಹೆದರುವ ಗ್ರಂಥವಲ್ಲ. ಇತಿಹಾಸವನ್ನು ಪೂಜೆಯ ಮಣೆಯ ಮೇಲಿಟ್ಟು ಓದದವರೂ, ಓದದೆಯೇ ಹಳಿಯುವವರೂ ಅದಕ್ಕೆ ಒಂದೇ ಬಗೆಯ ಅಪಚಾರವನ್ನು ಮಾಡುತ್ತಾರೆ.

ಈಗ ಹುಡಗಿ, ಹುಮನಾಬಾದ, ಬಸವಕಲ್ಯಾಣಗಳ ಶಿಕ್ಷಕರಿಗೆ ನಮ್ಮ ಬಿನ್ನಹ. 1948ರವರೆಗೆ ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ಕಚೇರಿ-ಶಾಲೆಗಳಲ್ಲಿ ಉರ್ದುವಿನದೇ ಮೇಲುಗೈ. ಕನ್ನಡವು ಮನೆಯ ಮೂಲೆ ಸೇರಿತ್ತು. 1956ರ ಏಕೀಕರಣದಿಂದ ಆ ಅಡ್ಡಿಯು ನೀಗಿತು. ಆದರೆ 1987ರಿಂದೀಚೆಗೆ ರಾಮಾಯಣ-ಭಾರತಗಳು ದೂರದರ್ಶನದ ಮೂಲಕ ಹಿಂದಿಯಲ್ಲಿ ಮನೆಮನೆಗೆ ಬಂದವು. ಬಂದುದು ತಪ್ಪಲ್ಲ, ಕನ್ನಡದ ಭಾರತವು ಜೊತೆಯಲ್ಲಿ ಬಾರದಿದ್ದುದೇ ಕೊರತೆ. ಅಗ್ಗದ ಬೆಲೆಗೆ ಕುಮಾರವ್ಯಾಸಭಾರತವನ್ನು 1958ರಲ್ಲಿಯೇ ಮೈಸೂರು ಸರಕಾರವು ಅಚ್ಚು ಹಾಕಿಸಿ ಹಂಚಿತು. ಪುಸ್ತಕವಿದೆ, ಓದುವ ಕಂಠವು ಬೇಕಾಗಿದೆ.

ವಾರಕ್ಕೊಂದು ತಾಸು ಸಾಕು. ಒಬ್ಬರು ವಾಚನ ಮಾಡಲಿ, ಮತ್ತೊಬ್ಬರು ಈ ಸೀಮೆಯ ಆಡುಮಾತಿನಲ್ಲಿಯೇ ಅರ್ಥವನ್ನು ಬಿಡಿಸಲಿ. ಗಮಕದ ಪದ್ಧತಿಯೇ ಇದು. ಕೃಷ್ಣನು ಕರ್ಣನಿಗೆ ಅವನ ಜನ್ಮವೃತ್ತಾಂತವನ್ನು ತಿಳಿಸುವ ಪ್ರಸಂಗ, ವಿದುರನ ನೀತಿ, ದ್ರೌಪದಿಯ ಪ್ರಶ್ನೆ – ಇವುಗಳಿಂದ ಆರಂಭಿಸಲಿ. ಮರಾಠಿ ಮನೆಯ ಮಗುವು ಏಕನಾಥರ ಭಾವಾರ್ಥ ರಾಮಾಯಣವನ್ನು ತರಲಿ. ತೆಲುಗು ಮನೆಯ ಮಗುವು ತಿಕ್ಕನನನ್ನು ನೆನೆಯಲಿ. ಅಕಬರ ಬಾದಶಹನು ಭಾರತವನ್ನು ರಜ್ಮನಾಮಾ ಎಂಬ ಹೆಸರಿನಿಂದ ಪಾರಸಿಗೆ ಅನುವಾದ ಮಾಡಿಸಿದನೆಂಬುದನ್ನು ಉರ್ದು ಮನೆಯ ಮಗುವೂ ತಿಳಿಯಲಿ. ಎಲ್ಲರೂ ಕೂಡಿ ಕುಳಿತು ಕನ್ನಡದಲ್ಲಿ ಕೇಳಲಿ, ಕನ್ನಡದಲ್ಲಿಯೇ ಪ್ರಶ್ನಿಸಲಿ.

ಜಲಸಂಗಿಯ ಬಾಲಿಕೆಯು ಬರೆಯುತ್ತಿರುವುದು ರಾಜನ ಹೊಗಳಿಕೆಯನ್ನು. ಆ ರಾಜ್ಯವು ಎಂದೋ ಅಳಿಯಿತು. ಕುಮಾರವ್ಯಾಸನು ಜನರಿಗಾಗಿ ಹಾಡಿದನು. ಜನರಿರುವವರೆಗೆ ಅದು ಅಳಿಯಬೇಕಾಗಿಲ್ಲ. ಅಳಿಸುವುದೂ ಉಳಿಸುವುದೂ ಈಗ ನಮ್ಮ ಶಾಲೆಗಳ ಕೈಯಲ್ಲಿದೆ.